ಪ್ರಕೃತಿಯೂ ವಿಕೃತಿಯೂ: ಒಂದು ಪಾನಕ್ರಮದ ನಿಮಿತ್ತ

ಹಿಂದಿನವರಿಂದ ನಮ್ಮ ಕೈಗೆ ಬಂದ ಒಂದು ಕ್ರಮವನ್ನು, ಅದು ಪೂಜೆಯ ವಿಧಾನವಾಗಿರಲಿ, ರಾಗದ ಆಲಾಪನೆಯಾಗಿರಲಿ, ಅಡಿಗೆಯ ಪಾಕವಾಗಿರಲಿ, ನಮ್ಮ ಕಾಲಕ್ಕೂ ನಮ್ಮ ಊರಿಗೂ ಒಗ್ಗಿಸಿಕೊಳ್ಳಲು ಹೊರಟಾಗ, ಅದರಲ್ಲಿ ಎಷ್ಟನ್ನು ಬದಲಿಸಿದರೂ ಅದು ಅದೇ ಆಗಿ ಉಳಿದೀತು, ಯಾವುದನ್ನು ಬದಲಿಸಿದೊಡನೆ ಅದು ಬೇರೊಂದಾಗಿಬಿಟ್ಟೀತು ಎಂಬ ಪ್ರಶ್ನೆ ಹುಟ್ಟುತ್ತದೆ. ಇದು ಪಂಡಿತರ ಗೋಷ್ಠಿಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. ಕೈಯಿಂದ ಏನನ್ನಾದರೂ ಮಾಡುವ ಪ್ರತಿಯೊಬ್ಬನೂ ಇದಕ್ಕೆ ಅರಿತೋ ಅರಿಯದೆಯೋ ಒಂದು ಉತ್ತರವನ್ನು ಕೊಡುತ್ತಲೇ ಇರುತ್ತಾನೆ. ಆದರೆ ಧರ್ಮ, ಭಾಷೆ, ಕುಲಾಚಾರ ಮುಂತಾದ ದೊಡ್ಡ ವಿಷಯಗಳಲ್ಲಿ ಇದನ್ನೆತ್ತಿದರೆ ಅಭಿಮಾನವೂ ಭಯವೂ ಮುಂದೆ ಬಂದು ವಿಚಾರವನ್ನು ಮುಸುಕುತ್ತವೆ. ಆದುದರಿಂದ ಚಿಕ್ಕದಾದ, ಅಂಗಗಳನ್ನು ಬೆರಳೆಣಿಸಿ ಹೇಳಬಹುದಾದ, ಇತಿಹಾಸವು ಬಹುಮಟ್ಟಿಗೆ ತಿಳಿದಿರುವ ಒಂದು ವಸ್ತುವನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರೀಕ್ಷಿಸುವುದು ಮೇಲೆಂದು ನನಗೆ ತೋರಿದೆ. ಆ ವಸ್ತು ಅಮೆರಿಕದಲ್ಲಿ ಹುಟ್ಟಿ ಈಗ ಎಲ್ಲ ದೇಶಗಳ ಮನೆಗಳಲ್ಲಿಯೂ ನಾನಾ ರೂಪಗಳನ್ನು ತಾಳುತ್ತಿರುವ ಓಲ್ಡ್ ಫ್ಯಾಷನ್ಡ್ ಎಂಬ ವಿಸ್ಕಿ ಕಾಕ್‌ಟೇಲ್.

ಮದ್ಯವನ್ನು ಕುರಿತು ತತ್ತ್ವವಿಚಾರವೇ ಎಂದು ಕೇಳುವವರ ಆಕ್ಷೇಪ ನಿರಾಧಾರವಾದುದಲ್ಲ. ಬೆಲ್ಲದಿಂದಾದ ಗೌಡೀ, ಹಿಟ್ಟಿನಿಂದಾದ ಪೈಷ್ಟೀ, ಮಧುವಿನಿಂದಾದ ಮಾಧ್ವೀ ಎಂದು ಸುರೆಯನ್ನು ಮೂರಾಗಿ ವಿಭಾಗಿಸಿದ ಮನುಸ್ಮೃತಿಯು ಸುರಾಪಾನವನ್ನು ಮಹಾಪಾತಕಗಳಲ್ಲಿ ಎಣಿಸಿದೆ. ಧಾನ್ಯದಿಂದ ಹುಟ್ಟುವ ವಿಸ್ಕಿ ಪೈಷ್ಟಿಯ ವರ್ಗಕ್ಕೆ ಸೇರತಕ್ಕದ್ದು. ಬೌದ್ಧರ ಪಂಚಶೀಲದಲ್ಲಿಯೂ ಐದನೆಯದು ಮದ್ಯವರ್ಜನೆಯೇ. ಕುಡಿಯದವನ ವ್ರತಕ್ಕೆ ನನ್ನ ಗೌರವ ಪೂರ್ಣವಾದುದು. ಅವನನ್ನು ಅದರಿಂದ ಕದಲಿಸುವ ಇಚ್ಛೆ ಈ ಬರೆಹಕ್ಕಿಲ್ಲ. ಆದರೆ ಮಿತವರಿತು ಸೇವಿಸುವ ಗೃಹಸ್ಥರೂ ನಮ್ಮ ನಡುವೆ ಇದ್ದಾರೆ. ಅವರಲ್ಲಿ ಕೆಲವರು ಅದನ್ನು ಶ್ರದ್ಧೆಯಿಂದ ತಮ್ಮ ಕೈಯಾರೆ ಸಿದ್ಧಪಡಿಸಿಕೊಳ್ಳುತ್ತಾರೆ. ಶ್ರದ್ಧೆಯಿಂದ ಮಾಡಿದ ಕೆಲಸ ಯಾವುದೇ ಆಗಲಿ, ಅದರೊಳಗಿನ ವಿವೇಕವನ್ನು ಶೋಧಿಸುವುದು ವಿಚಾರಕ್ಕೆ ನಿಷಿದ್ಧವಲ್ಲ.

ಮೊದಲು ಮೂಲವನ್ನು ತಿಳಿಯೋಣ. ನ್ಯೂಯಾರ್ಕ್ ಸಂಸ್ಥಾನದ ಹಡ್ಸನ್ ಎಂಬ ಊರಿನ ಪತ್ರಿಕೆಯೊಂದು 1806ರ ಮೇ ತಿಂಗಳಲ್ಲಿ, ಓದುಗನೊಬ್ಬನ ಪ್ರಶ್ನೆಗೆ ಉತ್ತರವಾಗಿ, ಕಾಕ್‌ಟೇಲ್ ಎಂದರೆ ಯಾವುದಾದರೊಂದು ಮದ್ಯಸಾರ, ಸಕ್ಕರೆ, ನೀರು, ಬಿಟರ್ಸ್ ಎಂಬ ಕಹಿಸಾರ, ಈ ನಾಲ್ಕರ ಮಿಶ್ರಣವೆಂದು ವಿವರಿಸಿತು. ಆ ಶತಮಾನದ ಉತ್ತರಾರ್ಧದಲ್ಲಿ ಬಾರ್‌ಗಳವರು ಈ ಸರಳವಾದ ಕ್ರಮಕ್ಕೆ ಕ್ಯುರಸಾವ್, ಮರಸ್ಕೀನೋ, ಆಬ್ಸಿಂತ್ ಮೊದಲಾದವನ್ನು ಸೇರಿಸಿ ಅಲಂಕರಿಸತೊಡಗಲಾಗಿ, ಹಳೆಯ ಅಭಿರುಚಿಯ ಗಿರಾಕಿಗಳು ತಮಗೆ ಹಿಂದಿನ ರೀತಿಯದೇ ಬೇಕೆಂದು ಹಟಹಿಡಿದರು. ಈಗಿನ ಹೆಸರು ಆ ಹಟದಿಂದ ಬಂದುದು. ಕೆಂಟಕಿಯ ಲೂಯಿವಿಲ್ ನಗರದಲ್ಲಿ 1881ರಲ್ಲಿ ಸ್ಥಾಪಿತವಾದ ಪೆಂಡೆನ್ನಿಸ್ ಕ್ಲಬ್ಬಿನಲ್ಲಿಯೇ ಇದು ಹುಟ್ಟಿತೆಂಬ ಪ್ರತೀತಿ ಬಹುಕಾಲದಿಂದ ಪ್ರಚಾರದಲ್ಲಿದೆ. ಆದರೆ ಅದಕ್ಕೆ ಒಂದು ವರ್ಷ ಮುಂಚೆಯೇ ಶಿಕಾಗೋ ಪತ್ರಿಕೆಯಲ್ಲಿ ಇದರ ಪ್ರಸ್ತಾಪ ಬಂದಿರುವುದರಿಂದ ಆ ಪ್ರತೀತಿ ನಿಲ್ಲುವುದಿಲ್ಲ. ಜಾರ್ಜ್ ಕ್ಯಾಪ್ಲರ್ ಎಂಬಾತ 1895ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದರ ವಿಧಾನ ವಿಶದವಾಗಿದೆ: ಸಕ್ಕರೆಯ ಸಣ್ಣ ತುಂಡೊಂದನ್ನು ಕೊಂಚ ನೀರಿನಲ್ಲಿ ಕರಗಿಸಿ, ಎರಡು ಚಿಮುಕು ಅಂಗೊಸ್ಟುರ ಬಿಟರ್ಸ್ ಹಾಕಿ, ಒಂದು ಚೂರು ಐಸು, ಒಂದು ಚೂರು ನಿಂಬೆಯ ಸಿಪ್ಪೆ, ಒಂದು ಅಳತೆ ವಿಸ್ಕಿ ಸೇರಿಸಿ ಕಲಕತಕ್ಕದ್ದು.

ಈ ನಾಲ್ಕು ಅಂಗಗಳಿಗೂ ಒಂದೊಂದು ಪ್ರಯೋಜನವುಂಟು. ಮದ್ಯಸಾರವು ಮಿಶ್ರಣಕ್ಕೆ ದೇಹವನ್ನೂ ಬಲವನ್ನೂ ಕೊಡುತ್ತದೆ. ಸಕ್ಕರೆ ಅದರ ಒರಟುತನವನ್ನು ತಗ್ಗಿಸಿ ನಾಲಗೆಯ ಮೇಲೆ ತುಸು ಹೊತ್ತು ನಿಲ್ಲುವಂತೆ ಮಾಡುತ್ತದೆ. ಕಹಿಯು ಸಿಹಿಯನ್ನು ಅತಿಯಾಗಗೊಡದೆ ತಡೆದು, ಬೇರೆಬೇರೆಯಾಗಿರುವ ರುಚಿಗಳನ್ನು ಒಂದಕ್ಕೊಂದು ಕಟ್ಟುತ್ತದೆ. ನೀರು ಮದ್ಯದ ತೀಕ್ಷ್ಣತೆಯನ್ನು ಸಡಿಲಿಸಿ ಅಡಗಿದ್ದ ಸೌರಭವನ್ನು ಹೊರಗೆ ಬಿಡುತ್ತದೆ. ಐಸಿನ ದೊಡ್ಡ ಗಡ್ಡೆಯೊಂದು ಇದೇ ಕೆಲಸವನ್ನು ನಿಧಾನವಾಗಿ, ಪಾನ ಮುಗಿಯುವವರೆಗೂ ಮಾಡುತ್ತಿರುತ್ತದೆ. ಒಂದು ಪೆಗ್ಗು, ಎಂದರೆ 60 ಮಿಲಿಲೀಟರ್, ವಿಸ್ಕಿಗೆ ಒಂದು ಚಮಚ ಸಕ್ಕರೆ, ಎರಡು ಮೂರು ಚಿಮುಕು ಕಹಿ: ಇಂದಿಗೂ ಬಹುಮಂದಿ ಅನುಸರಿಸುವ ಪ್ರಮಾಣ ಇದು.

ಇಂಥದೊಂದು ಕ್ರಮದ ತಾನುತನ ಎಲ್ಲಿದೆ? ಸುಲಭವಾದ ಉತ್ತರಗಳು ಎರಡು. ದ್ರವ್ಯದಲ್ಲಿದೆ, ಆದುದರಿಂದ ಒಂದನ್ನು ಬದಲಿಸಿದರೂ ಮೂಲ ಕೆಟ್ಟಿತು ಎಂಬುದು ಮೊದಲನೆಯದು. ಆದರೆ ಅಂಗೊಸ್ಟುರ ಬಿಟರ್ಸ್ ಎಂಬುದು ಸೀಗರ್ಟ್ ಎಂಬ ಜರ್ಮನ್ ವೈದ್ಯನು 1824ರಲ್ಲಿ ವೆನೆಜುವೆಲದ ಅಂಗೊಸ್ಟುರ ಪಟ್ಟಣದಲ್ಲಿ ಹೊಟ್ಟೆಯ ಬೇನೆಗಳಿಗೆ ಔಷಧವಾಗಿ ಸಿದ್ಧಪಡಿಸಿದ ವಸ್ತು. ಅದಕ್ಕೆ 18 ವರ್ಷಗಳ ಮುಂಚೆಯೇ ಕಾಕ್‌ಟೇಲಿನ ಲಕ್ಷಣ ಅಚ್ಚಾಗಿತ್ತು. ಆ ಲಕ್ಷಣದಲ್ಲಿ ವಿಸ್ಕಿಯೇ ಆಗಬೇಕೆಂಬ ನಿಯಮವೂ ಇರಲಿಲ್ಲ. ಶುದ್ಧಿವಾದಿಯು ಸನಾತನವೆಂದು ಕಾಪಾಡಹೊರಟ ದ್ರವ್ಯಗಳಲ್ಲಿ ಎರಡು, ಮೂಲವನ್ನು ಕೇಳಿದರೆ, ನಡುವೆ ಬಂದು ಸೇರಿದವು. ಇನ್ನು ಎರಡನೆಯ ಉತ್ತರ: ತಾನುತನವೆಂಬುದೇ ಇಲ್ಲ, ಇರುವುದು ವ್ಯವಹಾರಕ್ಕಾಗಿ ಇಟ್ಟ ಹೆಸರು ಮಾತ್ರ, ಆದುದರಿಂದ ಗ್ಲಾಸಿಗೆ ಏನನ್ನು ಸುರಿದು ಆ ಹೆಸರಿನಿಂದ ಕರೆದರೂ ತಪ್ಪಿಲ್ಲ ಎಂಬುದು. ನಾಗಸೇನನು ಮಿಲಿಂದರಾಜನಿಗೆ ಚಕ್ರವೂ ರಥವಲ್ಲ, ಅಚ್ಚೂ ರಥವಲ್ಲವೆಂದು ತೋರಿಸಿಕೊಟ್ಟ ಪ್ರಸಿದ್ಧ ಸಂವಾದವನ್ನು ಈ ವಾದಕ್ಕೆ ಬೆಂಬಲವಾಗಿ ತರಬಹುದು. ಆದರೂ ಅಚ್ಚನ್ನೂ ಚಕ್ರಗಳನ್ನೂ ಅಂಗಳದಲ್ಲಿ ರಾಶಿ ಹಾಕಿದರೆ ಅದನ್ನು ನಾಗಸೇನನೂ ರಥವೆಂದು ಕರೆಯಲಾರ; ಅಂಗಗಳು ತಕ್ಕ ಸಂಬಂಧದಲ್ಲಿ ಕೂಡಿ ಓಡುವಂತಾದಾಗ ಮಾತ್ರ ಆ ಹೆಸರು ಸಲ್ಲುತ್ತದೆ. ಹೀಗೆ ಎರಡು ಉತ್ತರಗಳೂ ಕೆಲಸ ಮಾಡುವವನಿಗೆ ದಾರಿ ತೋರುವುದಿಲ್ಲ. ಮೊದಲನೆಯದು ಅವನ ಕೈಯನ್ನು ಕಟ್ಟುತ್ತದೆ, ಎರಡನೆಯದು ಅವನನ್ನು ದಿಕ್ಕಿಲ್ಲದೆ ಬಿಡುತ್ತದೆ.

ದಾರಿ ತೋರುವ ಶಾಸ್ತ್ರವೊಂದು ನಮ್ಮಲ್ಲಿದೆ. ಅದು ಜೈಮಿನಿಯ ಪೂರ್ವಮೀಮಾಂಸೆ. ಯಜ್ಞವನ್ನೂ ಮದ್ಯವನ್ನೂ ಒಂದೇ ತಕ್ಕಡಿಯಲ್ಲಿಡುವ ಅವಿವೇಕ ಇಲ್ಲಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಮೀಮಾಂಸಕರು ಯಜ್ಞದ ನಿಮಿತ್ತದಿಂದ ಕಂಡುಕೊಂಡ ನ್ಯಾಯಗಳು ಯಜ್ಞಶಾಲೆಯಲ್ಲಿಯೇ ಉಳಿಯಲಿಲ್ಲ. ಚಾಲುಕ್ಯರ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ಬರೆಯುವಾಗ ಆಸ್ತಿಯ ಸ್ವತ್ವದ ವಿಚಾರಕ್ಕೂ ಅವನ್ನು ಬಳಸಿದನು. ಮುಂದೆ ನ್ಯಾಯಾಲಯಗಳೂ ಅವನ್ನು ಮನ್ನಿಸಿದವು. ಪರಂಪರೆಯಿಂದ ಬಂದ ಕ್ರಮವೊಂದನ್ನು ಬದಲಾದ ಸಂದರ್ಭದಲ್ಲಿ ಹೇಗೆ ನಡೆಸಬೇಕು ಎಂಬ ಪ್ರಶ್ನೆಯನ್ನು ಮೀಮಾಂಸಕರಷ್ಟು ಸೂಕ್ಷ್ಮವಾಗಿ ಬಿಡಿಸಿದವರನ್ನು ನಾನು ಬೇರೆಲ್ಲಿಯೂ ಕಾಣೆ. ಅವರ ಹನ್ನೆರಡು ಅಧ್ಯಾಯಗಳಲ್ಲಿ ಆರನೆಯದು ಪ್ರತಿನಿಧಿದ್ರವ್ಯವನ್ನೂ, ಏಳು ಎಂಟು ಅತಿದೇಶವನ್ನೂ, ಒಂಬತ್ತು ಊಹವನ್ನೂ, ಹತ್ತು ಬಾಧವನ್ನೂ ವಿಚಾರಿಸುತ್ತವೆ. ನಮ್ಮ ಪ್ರಶ್ನೆಗೆ ಬೇಕಾದುದೆಲ್ಲವೂ ಈ ನಾಲ್ಕರಲ್ಲಿದೆ.

ಪ್ರತಿನಿಧಿಯೆಂದರೆ, ವಿಹಿತವಾದ ದ್ರವ್ಯ ದೊರೆಯದಿದ್ದಾಗ ಅದರ ಎಡೆಯಲ್ಲಿ ಗ್ರಹಿಸತಕ್ಕ ದ್ರವ್ಯ. ಭತ್ತ ಸಿಕ್ಕದಿದ್ದರೆ ಕಾಡುಭತ್ತವಾದ ನೀವಾರ; ಸೋಮಲತೆ ಸಿಕ್ಕದಿದ್ದರೆ ಪೂತೀಕ. ಇಲ್ಲಿ ಮೀಮಾಂಸಕರ ನಿರ್ಣಯ ಬಹು ಗಂಭೀರವಾದುದು. ನೀವಾರವನ್ನು ನೀವಾರವೆಂದು ತೆಗೆದುಕೊಳ್ಳುವುದಿಲ್ಲ, ಭತ್ತದ ಅವಯವಗಳು ಅದರಲ್ಲಿ ಎಷ್ಟಿವೆಯೋ ಅಷ್ಟರ ಸಲುವಾಗಿ ತೆಗೆದುಕೊಳ್ಳುತ್ತೇವೆ. ಕೈಯಲ್ಲಿ ಪ್ರತಿನಿಧಿಯಿದ್ದರೂ ಸಂಕಲ್ಪದಲ್ಲಿ ಮೂಲವೇ ಇರತಕ್ಕದ್ದು. ಅಷ್ಟೇ ಅಲ್ಲ, ಪೂತೀಕವೂ ನಷ್ಟವಾದರೆ ಮುಂದೆ ಹುಡುಕಬೇಕಾದುದು ಸೋಮವನ್ನು ಹೋಲುವುದನ್ನೇ ಹೊರತು ಪೂತೀಕವನ್ನು ಹೋಲುವುದನ್ನಲ್ಲ. ಈ ನಿಯಮ ಇಲ್ಲದಿದ್ದರೆ ಪ್ರತಿನಿಧಿಗೆ ಪ್ರತಿನಿಧಿ, ಅದಕ್ಕೊಂದು ಪ್ರತಿನಿಧಿ ಎಂದು ಹೆಜ್ಜೆಹೆಜ್ಜೆಗೂ ಜಾರಿ, ಯಾರೂ ಬೇಕೆಂದು ಮಾಡದೆಯೇ ಮೂಲವು ಕಣ್ಮರೆಯಾದೀತು.

ಓಲ್ಡ್ ಫ್ಯಾಷನ್ಡ್‌ನ ಸೋದರನೆನ್ನಬಹುದಾದ ಸ್ಯಾಜ಼ರ್ಯಾಕ್ ಎಂಬ ಪಾನದ ಚರಿತ್ರೆ ಈ ನ್ಯಾಯಕ್ಕೆ ತಕ್ಕ ನಿದರ್ಶನ. ಅದು ನ್ಯೂ ಆರ್ಲಿಯನ್ಸ್ ನಗರದ್ದು. ಫ್ರಾನ್ಸಿನ ಕೋನ್ಯಾಕ್ ಅದರ ಮೊದಲ ದ್ರವ್ಯವೆಂದು ಆ ನಗರದ ಪರಂಪರೆ ಹೇಳುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಫಿಲಾಕ್ಸೆರ ಎಂಬ ಕೀಟವು ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಹಾಳುಗೆಡವಿದ ಕಾಲದಲ್ಲಿ ಅಮೆರಿಕದ ರೈ ವಿಸ್ಕಿ ಆ ಎಡೆಗೆ ಬಂದಿತು. ಗ್ಲಾಸಿನ ಒಳಮೈಗೆ ಸವರುತ್ತಿದ್ದ ಆಬ್ಸಿಂತ್ 1912ರಲ್ಲಿ ಅಮೆರಿಕದಲ್ಲಿ ನಿಷಿದ್ಧವಾಯಿತು. 1934ರಲ್ಲಿ ಅದೇ ನಗರದಲ್ಲಿ ತಯಾರಾದ ಹರ್ಬ್‌ಸೇಂಟ್ ಎಂಬ ಸೋಂಪಿನ ಕಂಪಿನ ಮದ್ಯ ಅದಕ್ಕೆ ಪ್ರತಿನಿಧಿಯಾಯಿತು. 2007ರಲ್ಲಿ ಆಬ್ಸಿಂತ್ ಮತ್ತೆ ದೊರೆಯತೊಡಗಿತು. ಮುಖ್ಯದ್ರವ್ಯ ದೊರೆತಾಗ ಮುಖ್ಯವನ್ನೇ ಹಿಡಿಯತಕ್ಕದ್ದೆಂಬುದು ಜೈಮಿನಿಯ ಮತ. ಆಬ್ಸಿಂತ್ ವಿಷಯದಲ್ಲಿ ಬಲ್ಲವರು ಹಾಗೆಯೇ ಮಾಡಿದರು. ಕೋನ್ಯಾಕ್ ಎಂದೋ ದೊರೆಯತೊಡಗಿದ್ದರೂ ರೈ ವಿಸ್ಕಿ ಮಾತ್ರ ತನ್ನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಇದನ್ನು ನಿಯಮದ ಭಂಗವೆಂದು ನಾನು ಎಣಿಸಲಾರೆ. ಭತ್ತದಿಂದಲೂ ಯಜಿಸಬಹುದು, ಯವೆಯಿಂದಲೂ ಯಜಿಸಬಹುದು ಎಂಬಲ್ಲಿ ಎರಡೂ ಸಮಾನವಾಗಿ ವಿಹಿತವಾಗಿದ್ದು ಒಂದು ಇನ್ನೊಂದಕ್ಕೆ ಪ್ರತಿನಿಧಿಯಾಗಿರುವುದಿಲ್ಲ. ಅದಕ್ಕೆ ವಿಕಲ್ಪವೆಂದು ಹೆಸರು. ಒಂದು ನಗರದ ಜನ ತಲೆಮಾರುಗಳ ಕಾಲ ಪ್ರೀತಿಯಿಂದ ಆಚರಿಸಿದ ಪ್ರತಿನಿಧಿ ಹೀಗೆ ವಿಕಲ್ಪದ ಪದವಿಗೆ ಏರಬಹುದೆಂಬುದು ನನ್ನ ಅಭಿಪ್ರಾಯ. ಆದರೆ ಆ ಏರಿಕೆಗೆ ಕಾಲವೂ ಸಮುದಾಯವೂ ಬೇಕು, ಒಬ್ಬನ ಒಂದು ಸಂಜೆಯ ಉತ್ಸಾಹ ಸಾಲದು.

ಪ್ರತಿನಿಧಿಗೆ ಕಾರಣ ಅಭಾವ. ದ್ರವ್ಯವಿದ್ದೂ ಬೇರೆಯದನ್ನು ಬಯಸಿ ಮಾಡುವ ಬದಲಾವಣೆ ಇನ್ನೊಂದು ಜಾತಿಯದು. ಅದನ್ನು ವಿಕೃತಿಯೆನ್ನುತ್ತಾರೆ, ಮತ್ತು ಶಾಸ್ತ್ರದಲ್ಲಿ ಆ ಶಬ್ದಕ್ಕೆ ನಿಂದೆಯ ಅರ್ಥವಿಲ್ಲ. ಅಂಗಗಳೆಲ್ಲವೂ ಸಂಪೂರ್ಣವಾಗಿ ಉಪದಿಷ್ಟವಾಗಿರುವ ದರ್ಶಪೂರ್ಣಮಾಸದಂಥ ಕರ್ಮ ಪ್ರಕೃತಿ. ತನಗೆ ವಿಶೇಷವಾದುದನ್ನು ಮಾತ್ರ ಹೇಳಿಕೊಂಡು ಮಿಕ್ಕುದೆಲ್ಲವನ್ನೂ ಪ್ರಕೃತಿಯಿಂದ ಪಡೆಯುವ ಕರ್ಮ ವಿಕೃತಿ. ಹಾಗೆ ಪಡೆಯುವುದೇ ಅತಿದೇಶ. ಮನೆಗಳಲ್ಲಿಯೂ ಬಾರ್‌ಗಳಲ್ಲಿಯೂ ಹುಟ್ಟಿರುವ ರೂಪಾಂತರಗಳನ್ನು ಈ ಒರೆಗಲ್ಲಿಗೆ ಹಚ್ಚಿ ನೋಡಬಹುದು.

ನ್ಯೂಯಾರ್ಕಿನ ಡೆತ್ ಅಂಡ್ ಕೊ ಎಂಬ ಬಾರಿನಲ್ಲಿ ಫಿಲ್ ವಾರ್ಡ್ ಎಂಬಾತ 2007ರಲ್ಲಿ ರೂಪಿಸಿದ ವಹಾಕಾ ಓಲ್ಡ್ ಫ್ಯಾಷನ್ಡ್‌ನಲ್ಲಿ ವಿಸ್ಕಿಯ ಹನಿಯೂ ಇಲ್ಲ. ಅದರ ಬದಲು 45 ಮಿಲಿಲೀಟರ್ ರೆಪೊಸಾಡೊ ಟಕೀಲಾ, 15 ಮಿಲಿಲೀಟರ್ ಮೆಜ್ಕಾಲ್. ಸಕ್ಕರೆಯ ಬದಲು ಅಗಾವೆಯ ಪಾಕ. ಮದ್ಯವೂ ಸಿಹಿಯೂ ಮೆಕ್ಸಿಕೋದ ಒಂದೇ ಸಸ್ಯಕುಲದಿಂದ ಬಂದವು. ಆದರೆ ಕಹಿ ಹಾಗೆಯೇ ಉಳಿದಿದೆ, ಪ್ರಮಾಣ ಉಳಿದಿದೆ, ಕಲಕುವ ಕ್ರಮ ಉಳಿದಿದೆ, ಸಿಪ್ಪೆಯ ಸೌರಭ ಉಳಿದಿದೆ. ದ್ರವ್ಯ ದೂರ ಸರಿದಿದ್ದರೂ ಅಂಗಾಂಗಿಭಾವ ಕದಲಲಿಲ್ಲ. ಆದುದರಿಂದ ಇದು ನಿರ್ದುಷ್ಟವಾದ ವಿಕೃತಿ. ಅದೇ ವರ್ಷ ಅದೇ ನಗರದಲ್ಲಿ ಡಾನ್ ಲೀ ಎಂಬಾತ ಹೊಗೆಯಲ್ಲಿ ಪಕ್ವವಾದ ಹಂದಿಮಾಂಸದ ಕೊಬ್ಬನ್ನು ಬರ್ಬನ್ ವಿಸ್ಕಿಯಲ್ಲಿ ಬೆರೆಸಿಟ್ಟು, ಬಳಿಕ ಶೈತ್ಯದಲ್ಲಿ ಹೆಪ್ಪುಗಟ್ಟಿದ ಕೊಬ್ಬನ್ನು ಸೋಸಿ ತೆಗೆದು, ಸಿಹಿಗೆ ಮೇಪಲ್ ಪಾಕವನ್ನು ಸೇರಿಸಿದನು. ಕೊಬ್ಬು ಹೋಗಿ ಗಂಧ ಮಾತ್ರ ಉಳಿಯಿತು. ಇಲ್ಲಿಯೂ ವಿಶೇಷವಾಗಿ ಹೇಳಿದ್ದು ಎರಡೇ. ಮಿಕ್ಕುದೆಲ್ಲ ಪ್ರಕೃತಿಯಿಂದ ಬಂದುದು.

ವಿಸ್ಕಾನ್ಸಿನ್ ಸಂಸ್ಥಾನದ ರೂಪ ಇವಕ್ಕಿಂತ ಕಠಿನವಾದ ಪರೀಕ್ಷೆ. ಅಲ್ಲಿನವರು ವಿಸ್ಕಿಯ ಬದಲು ಬ್ರಾಂದಿಯನ್ನು ಹಾಕುತ್ತಾರೆ. ಕಿತ್ತಳೆಯ ಹೋಳನ್ನೂ ಚೆರಿಹಣ್ಣನ್ನೂ ಸಕ್ಕರೆಯೊಡನೆ ಗ್ಲಾಸಿನಲ್ಲಿಯೇ ಜಜ್ಜುತ್ತಾರೆ. ಮೇಲೆ ಸಿಹಿ ಸೋಡವನ್ನೋ ಹುಳಿ ಸೋಡವನ್ನೋ ಸುರಿಯುತ್ತಾರೆ. ಬ್ರಾಂದಿಯನ್ನು ಆಕ್ಷೇಪಿಸುವವರು ಬಹಳ, ಆದರೆ ಯಾವ ಮದ್ಯಸಾರವಾದರೂ ಆದೀತೆಂದ 1806ರ ಲಕ್ಷಣದಿಂದ ನೋಡಿದರೆ ಅದು ಆಕ್ಷೇಪಾರ್ಹವೇ ಅಲ್ಲ. ವಿಚಾರಿಸಬೇಕಾದುದು ಸೋಡ, ಏತಕ್ಕೆಂದರೆ ಅದು ಮದ್ಯಕ್ಕೂ ಸಿಹಿಗೂ ಕಹಿಗೂ ಇದ್ದ ಅನುಪಾತವನ್ನೇ ಬದಲಿಸಿ, ನಿಧಾನವಾಗಿ ಹನಿಹನಿಯಾಗಿ ಸವಿಯುವ ಪಾನವನ್ನು ಬಾಯಾರಿಕೆ ತಣಿಸುವ ಪಾನವನ್ನಾಗಿ ಮಾಡುತ್ತದೆ. ಆದಾಗ್ಯೂ ಶುಕ್ರವಾರದ ಮೀನೂಟಕ್ಕೆ ಆ ಸಂಸ್ಥಾನದ ಸಪ್ಪರ್ ಕ್ಲಬ್ಬುಗಳಲ್ಲಿ ಕುಟುಂಬಗಳು ಸೇರುವಾಗ ಅದೇ ಅಲ್ಲಿನ ಶಿಷ್ಟಾಚಾರ. ವಿಕೃತಿಯೊಂದು ತನ್ನದೇ ವಿಧಿಯನ್ನೂ ತನ್ನದೇ ಅಧಿಕಾರಿಗಳನ್ನೂ ಪಡೆದು ಸ್ವತಂತ್ರ ಕರ್ಮವಾಗುವ ಸೀಮೆಯಲ್ಲಿ ಅದು ನಿಂತಿದೆಯೆಂದು ಹೇಳುವುದು ನ್ಯಾಯ. ಅದನ್ನು ಭ್ರಷ್ಟವೆನ್ನುವುದು ಅನ್ಯಾಯ.

ಇನ್ನು ನಮ್ಮ ಮನೆಯ ಮಾತು: ಬರ್ಬನ್ ವಿಸ್ಕಿಯ ಎಡೆಯಲ್ಲಿ ನಮ್ಮ ಊರಿನ ವಿಸ್ಕಿ ಸಲ್ಲುವುದೆ? ಬರ್ಬನ್‌ಗೆ ನೂರರಲ್ಲಿ 51 ಭಾಗಕ್ಕೆ ಕಡಿಮೆಯಿಲ್ಲದಂತೆ ಮೆಕ್ಕೆಜೋಳವೂ, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಯೂ ಬೇಕೆಂಬುದು ಅಮೆರಿಕದ ಶಾಸನ. 1948ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ಗ್ಲಾಸ್ಗೋದಲ್ಲಿ ಲೋಕದ ಮುಂದಿಟ್ಟ ಸಿಂಗಲ್ ಮಾಲ್ಟ್ ವಿಸ್ಕಿಯಾದರೋ ಬಾರ್ಲಿಯದು. ಸ್ಕಾಟ್‌ಲೆಂಡಿನ ತಂಪಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇಕಡಾ 2ರಷ್ಟು ಆವಿಯಾಗುವ ಮದ್ಯ ಬೆಂಗಳೂರಿನ ಹವೆಯಲ್ಲಿ ಶೇಕಡಾ 10ರ ಆಸುಪಾಸಿನಲ್ಲಿ ಆವಿಯಾಗುತ್ತದೆ. ಮರದ ಸಾರವೂ ಅಷ್ಟೇ ಬೇಗ ಒಳಗಿಳಿಯುತ್ತದೆ. ಧಾನ್ಯ ಬೇರೆಯಾದರೂ ಬರ್ಬನ್ ತುಂಬಿಟ್ಟಿದ್ದ ಪೀಪಾಯಿಗಳು ಇಲ್ಲಿಯೂ ಬಳಕೆಯಾಗುವುದರಿಂದ ಆ ಓಕ್ ಮರದ ಅಂಶ ಎರಡರಲ್ಲಿಯೂ ಸಮಾನವಾಗಿದೆ. ನೀವಾರದಲ್ಲಿ ಭತ್ತದ ಅವಯವಗಳನ್ನು ಕಂಡ ಮೀಮಾಂಸಕನು ಇಲ್ಲಿ ಸಾದೃಶ್ಯವನ್ನು ಅಲ್ಲಗಳೆಯಲಾರ.

ಸಿಹಿಗೆ ಸಿರಸಿಯ ಕಡೆಯ ಜೋನಿಬೆಲ್ಲವನ್ನು ಆರಿಸಿಕೊಳ್ಳೋಣ. ಆಗ ಬಾಧವೆಂಬ ನ್ಯಾಯ ಪ್ರವೃತ್ತವಾಗುತ್ತದೆ. ಒಂದು ಇಷ್ಟಿಯಲ್ಲಿ ಧಾನ್ಯದ ಬದಲು ಕೃಷ್ಣಲವೆಂಬ ಚಿನ್ನದ ಕಾಳುಗಳನ್ನು ಬೇಯಿಸತಕ್ಕದ್ದೆಂದು ವಿಧಿಯುಂಟು. ಪ್ರಕೃತಿಯಲ್ಲಿ ಧಾನ್ಯವನ್ನು ಕುಟ್ಟುವುದು ಹೊಟ್ಟನ್ನು ಬಿಡಿಸುವುದಕ್ಕಾಗಿ, ಚಿನ್ನಕ್ಕೆ ಹೊಟ್ಟಿಲ್ಲ, ಆದುದರಿಂದ ಕುಟ್ಟುವ ಕ್ರಿಯೆ ಅಲ್ಲಿ ನಿವೃತ್ತವಾಗುತ್ತದೆ, ಬೇಯಿಸುವುದು ಮಾತ್ರ ಸ್ಪಷ್ಟವಾಗಿ ವಿಹಿತವಾಗಿರುವುದರಿಂದ ಉಳಿಯುತ್ತದೆ. ಅಂತೆಯೇ ಸಕ್ಕರೆಯ ತುಂಡನ್ನು ಮರದ ಕೋಲಿನಿಂದ ಅರೆಯುವುದು ಅದು ಕರಗಲೆಂದು. ತಾನೇ ದ್ರವವಾಗಿರುವ ಜೋನಿಬೆಲ್ಲಕ್ಕೆ ಆ ಅರೆತ ಬೇಡ. ನೀರಿಗಾದರೋ ಪ್ರಯೋಜನಗಳು ಎರಡು, ಸಕ್ಕರೆಯನ್ನು ಕರಗಿಸುವುದು ಮತ್ತು ಮದ್ಯವನ್ನು ಸಡಿಲಿಸುವುದು. ಮೊದಲನೆಯದು ಬಾಧಿತವಾದರೂ ಎರಡನೆಯದು ನಿಂತಿರುವುದರಿಂದ ನೀರನ್ನು ಬಿಡುವಂತಿಲ್ಲ. ಕ್ರಿಯೆಗಳನ್ನು ಕಣ್ಣುಮುಚ್ಚಿ ಉಳಿಸಿಕೊಳ್ಳುವವನೂ ಕಣ್ಣುಮುಚ್ಚಿ ಕೈಬಿಡುವವನೂ ಪ್ರಯೋಜನವೇನೆಂದು ಕೇಳಿಕೊಳ್ಳದವರೇ.

ಊಹವೆಂದರೆ ಬದಲಾದ ಅಂಗಕ್ಕೆ ಅನುಗುಣವಾಗಿ ಮಿಕ್ಕ ಅಂಗವನ್ನು ಹೊಂದಿಸುವುದು: ಅಗ್ನಿಯ ಎಡೆಯಲ್ಲಿ ಸೂರ್ಯ ದೇವತೆಯಾದಾಗ ಮಂತ್ರದಲ್ಲಿಯೂ ಸೂರ್ಯನ ಹೆಸರನ್ನೇ ಹೇಳುತ್ತಾರೆ. ಜೋನಿಬೆಲ್ಲಕ್ಕೆ ತನ್ನದೇ ಆದ ಗಾಢವಾದ ಕಂಪೂ ತುಸು ಉಪ್ಪಿನ ಸ್ವಾದವೂ ಉಂಟು. ಅದು ಬಂದ ಮೇಲೆ ಎರಡು ಚಿಮುಕಿನ ಕಹಿ ಮೂರಾಗಬೇಕಾದೀತು, ನಿಂಬೆಯ ಸಿಪ್ಪೆಗಿಂತ ಕೊಡಗಿನ ಕಿತ್ತಳೆಯ ಸಿಪ್ಪೆ ಹೆಚ್ಚು ಹೊಂದೀತು. ಆ ಸಿಪ್ಪೆ ತೆಳುವಾದುದು, ಸಡಿಲವಾಗಿ ಬಿಡಿಸಿಕೊಳ್ಳುವಂಥದು. ಒಳಗಿನ ಬಿಳಿಯ ನಾರನ್ನು ಕೆರೆದು ತೆಗೆದು, ಗ್ಲಾಸಿನ ಮೇಲೆ ಹಿಡಿದು ಹಿಂಡಿದರೆ ಅದರ ಎಣ್ಣೆಯ ಸೂಕ್ಷ್ಮ ತುಂತುರು ಮೇಲ್ಮೈಯಲ್ಲಿ ಹರಡುತ್ತದೆ. ಒಂದನ್ನು ಬದಲಿಸಿದವನಿಗೆ ಮಿಕ್ಕವನ್ನು ಮತ್ತೆ ಪರಿಶೀಲಿಸುವ ಕರ್ತವ್ಯ ಹುಟ್ಟುತ್ತದೆ. ಅದನ್ನು ಮರೆತ ನವೀನತೆ ಅರ್ಧದಲ್ಲಿ ನಿಂತ ಕೆಲಸ.

ಸ್ವಾತಂತ್ರ್ಯಕ್ಕೆ ಎಲ್ಲೆಯೂ ಉಂಟು. ನಿಷಿದ್ಧವಾದ ದ್ರವ್ಯವು ಎಷ್ಟೇ ಹೋಲಿಕೆಯುಳ್ಳದ್ದಾದರೂ ಪ್ರತಿನಿಧಿಯಾಗಲಾರದು. ಹೆಸರುಕಾಳಿನ ಎಡೆಯಲ್ಲಿ ಉದ್ದು ಬಾರದು. ಹೊಗೆಯ ಸೌರಭಕ್ಕಾಗಿ ಮದ್ಯದಲ್ಲಿ ತಂಬಾಕನ್ನು ನೆನೆಸುವವರು ಇದನ್ನು ಅರಿಯಬೇಕು. ಮದ್ಯಸಾರವು ತಂಬಾಕಿನ ನಿಕೋಟಿನ್ ವಿಷವನ್ನು ಸುಲಭವಾಗಿ ಹೀರುತ್ತದೆ, ಮತ್ತು ಮನೆಯಲ್ಲಿ ಅದರ ಪ್ರಮಾಣವನ್ನು ಅಳೆಯುವ ಉಪಾಯವಿಲ್ಲ. ಕಹಿಸಾರವನ್ನು ತಾವೇ ಮಾಡುತ್ತೇವೆಂದು ಸಿಂಕೋನದ ತೊಗಟೆಯನ್ನು ಲೆಕ್ಕವಿಲ್ಲದೆ ನೆನೆಸಿ ಕಿವಿಮೊರೆತಕ್ಕೂ ತಲೆಸುತ್ತಿಗೂ ಗುರಿಯಾಗುವುದುಂಟು. ಲೆಕ್ಕಪತ್ರವಿಲ್ಲದ ಕಳ್ಳಭಟ್ಟಿಯ ವಿಷಯವನ್ನಂತೂ ಹೇಳಬೇಕಾದುದೇ ಇಲ್ಲ. ರುಚಿಯ ಸಾದೃಶ್ಯವೊಂದೇ ಅಧಿಕಾರವಲ್ಲ. ದೇಹಕ್ಕೆ ಅಹಿತವಾದುದು ಇಲ್ಲಿ ಅಯಜ್ಞೀಯವೆಂದೇ ತಿಳಿಯತಕ್ಕದ್ದು.

ಹೀಗೆ ದ್ರವ್ಯಗಳಿಗೆಲ್ಲ ಪ್ರತಿನಿಧಿಯನ್ನು ಅನುಗ್ರಹಿಸಿದ ಜೈಮಿನಿಯು ಕೆಲವಕ್ಕೆ ಅದನ್ನು ಖಂಡಿತವಾಗಿ ನಿರಾಕರಿಸಿದ್ದಾನೆ. ದೇವತೆಗೆ ಪ್ರತಿನಿಧಿಯಿಲ್ಲ, ಅಗ್ನಿಗಿಲ್ಲ, ಮಂತ್ರಕ್ಕಿಲ್ಲ, ಕ್ರಿಯೆಗಿಲ್ಲ. ಮತ್ತು ಫಲದ ಒಡೆಯನಾದ ಯಜಮಾನನಿಗಿಲ್ಲ. ಈ ಪಟ್ಟಿಯ ಕೊನೆಯ ಎರಡು ಮಾತುಗಳು ಲೌಕಿಕವಾದ ಪ್ರತಿಯೊಂದು ಕೆಲಸಕ್ಕೂ ಅನ್ವಯಿಸುತ್ತವೆಂದು ನಾನು ನಂಬಿದ್ದೇನೆ. ಪರಂಪರೆಯ ತಾನುತನ ದ್ರವ್ಯದಲ್ಲಿಲ್ಲ, ಬರಿಯ ಹೆಸರಿನಲ್ಲಿಯೂ ಇಲ್ಲ. ಅಂಗಗಳು ತಂತಮ್ಮ ಪ್ರಯೋಜನದಿಂದ ಒಂದಕ್ಕೊಂದು ಹೊಂದಿಕೊಂಡಿರುವ ಸಂಬಂಧದಲ್ಲಿಯೂ, ಆ ಸಂಬಂಧವನ್ನು ಅರಿತು ಮಾಡುವ ಕ್ರಿಯೆಯಲ್ಲಿಯೂ ಇದೆ. ಆದುದರಿಂದ ಬದಲಿಸಬಯಸುವವನು ಮೊದಲು ಪ್ರಕೃತಿಯನ್ನು ಅದರ ಪೂರ್ಣಾಂಗಗಳೊಡನೆ ಮಾಡಿ ತಿಳಿದಿರಬೇಕು. ತಾನು ಬದಲಿಸಿದುದು ಅಭಾವದಿಂದಲೋ ಇಚ್ಛೆಯಿಂದಲೋ ಎಂಬುದನ್ನು ತನಗೆ ತಾನು ಸ್ಪಷ್ಟಪಡಿಸಿಕೊಂಡಿರಬೇಕು. ಅತಿಥಿಗೆ ಕೊಡುವಾಗ ಇಂಥದನ್ನು ಬದಲಿಸಿದ್ದೇನೆಂದು ಹೇಳಬೇಕು. ಅಜ್ಞಾನದಿಂದ ಆದ ವ್ಯತ್ಯಾಸವನ್ನು ಸೃಷ್ಟಿಯೆಂದು ಕರೆಯುವುದೂ, ಅರಿತು ಮಾಡಿದ ಸೃಷ್ಟಿಯನ್ನು ದ್ರೋಹವೆಂದು ಕರೆಯುವುದೂ ಸಮಾನವಾದ ದೋಷಗಳು.

ಯಜಮಾನನಿಗೆ ಪ್ರತಿನಿಧಿಯಿಲ್ಲವೆಂಬುದಕ್ಕೆ ಕಾರಣ, ಫಲವು ಅವನನ್ನೇ ಸೇರತಕ್ಕದ್ದೆಂಬುದು. ಗ್ರಂಥವು ಕ್ರಮವನ್ನು ಹೇಳೀತು, ಮಿತ್ರನು ಪ್ರಮಾಣವನ್ನು ಸೂಚಿಸಿಯಾನು, ಅಂಗಡಿಯವನು ಉತ್ತಮ ದ್ರವ್ಯವನ್ನು ಒದಗಿಸಿಯಾನು. ಆದರೆ ಇಷ್ಟು ಸಾಕೆಂದು ನಿಲ್ಲಿಸುವ ಕೆಲಸವನ್ನು ಮನೆಯೊಡೆಯನ ಪರವಾಗಿ ಅವರಲ್ಲಿ ಯಾರೂ ಮಾಡಲಾರರು. ಒಂದು ಪೆಗ್ಗಿಗೆ ನಿಂತರೆ ಬರುವ ಸೌಖ್ಯವೂ ಅವನದು, ಮೀರಿದರೆ ಬರುವ ಅನರ್ಥವೂ ಅವನದು ಮತ್ತು ಅವನ ಮನೆಯವರದು. ಪರಂಪರೆಯನ್ನು ಬದಲಿಸುವ ಅಧಿಕಾರ ಮೂಲವನ್ನು ಬಲ್ಲವನಿಗೆ ಸಲ್ಲುತ್ತದೆ. ಆ ಬದಲಾವಣೆಯ ಫಲಕ್ಕೆ ತಾನೇ ಉತ್ತರವಾದಿಯೆಂದು ಒಪ್ಪಿಕೊಂಡವನಲ್ಲಿ ಮಾತ್ರ ಆ ಅಧಿಕಾರ ನೆಲೆನಿಲ್ಲುತ್ತದೆ.